ಚಾನೆಲ್ ಈಜಿಗೆ ಹೊರಟವರ ಕೊನೆಯ ಸಂತೆ

ಚೆನ್ನೈನ ಎನ್‌ಎಸ್‌ಸಿ ಬೋಸ್ ರಸ್ತೆ ರಾಜಾಜಿ ಸಾಲೈಯನ್ನು ಸೇರುವ ಮೂಲೆಯಲ್ಲಿ ಡೇರ್ ಹೌಸ್ ಇದೆ. 1788ರಲ್ಲಿ ಥಾಮಸ್ ಪ್ಯಾರಿ ಮದರಾಸಿನಲ್ಲಿ ಶುರು ಮಾಡಿದ ವ್ಯಾಪಾರದ ಹೆಸರು ಈ ಮೂಲೆಗೆ ಅಂಟಿಕೊಂಡು ಪ್ಯಾರೀಸ್ ಕಾರ್ನರ್ ಆಗಿದೆ. ಎದುರಿಗೆ ಹೈಕೋರ್ಟ್, ಆಚೆಗೆ ಬಂದರು, ಬೆನ್ನಿಗೆ ಜಾರ್ಜ್ ಟೌನಿನ ಸಗಟು ಬೀದಿಗಳು. ಇಂಗ್ಲಿಷ್ ಕಡಲ್ಗಾಲುವೆ ಈಜಲು ಚೆನ್ನೈನಿಂದ ಹೊರಡುವವರಿಗೆ ಬೇಕಾದ ಸಾಮಾನಿನ ಮುಕ್ಕಾಲು ಪಾಲು ಇಲ್ಲಿಂದ ನಡೆದುಹೋಗುವಷ್ಟು ದೂರದಲ್ಲೇ ಸಿಗುತ್ತದೆ. ಸಿಗದ ಮುಖ್ಯ ವಸ್ತು ಒಂದೇ, ತಣ್ಣೀರು.

ಈ ಊರಿಗೆ ಚಾನೆಲ್ ಈಜು ಹೊಸದೇನಲ್ಲ. ಚೆನ್ನೈನ ಹುಡುಗ ಕುಟ್ರಾಲೀಶ್ವರನ್ 1994ರಲ್ಲಿ, ಇನ್ನೂ 12ರ ವಯಸ್ಸಿನಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ. ಅದೇ ವರ್ಷ ಒಟ್ಟು ಆರು ಕಡಲ್ಗಾಲುವೆಗಳನ್ನು ಈಜಿ, 1966ರಲ್ಲಿ ಒಂದೇ ವರ್ಷದಲ್ಲಿ ಐದನ್ನು ಈಜಿದ್ದ ಮಿಹಿರ್ ಸೇನ್ ಅವರ ದಾಖಲೆಯನ್ನು ಮುರಿದ. ಇವತ್ತಾದರೆ ಅವನಿಗೆ ನೀರಿಗಿಳಿಯಲೂ ಬಿಡುತ್ತಿರಲಿಲ್ಲ. 16 ತುಂಬದವರ ಒಬ್ಬಂಟಿ ಈಜನ್ನು ಚಾನೆಲ್ ಈಜಿನ ಸಂಸ್ಥೆಗಳು ಈಗ ಒಪ್ಪುವುದಿಲ್ಲ.

ಇಂಗ್ಲೆಂಡಿನ ಡೋವರ್ ಬಳಿಯಿಂದ ಫ್ರಾನ್ಸಿನ ಕ್ಯಾಪ್ ಗ್ರೀ ನೇ ಭೂಶಿರಕ್ಕೆ ನೇರ ದೂರ ಸುಮಾರು 33 ಕಿ.ಮೀ. ನೇರವಾಗಿ ಹೋಗಲು ಭರತ ಇಳಿತಗಳು ಬಿಡುವುದಿಲ್ಲ. ಹೆಚ್ಚುಕಡಿಮೆ ಆರು ಗಂಟೆ ಒಂದು ಕಡೆಗೆ, ಮತ್ತಾರು ಗಂಟೆ ಇನ್ನೊಂದು ಕಡೆಗೆ ಎಳೆಯುತ್ತವೆ. ಹದಿಮೂರು ಹದಿನಾಲ್ಕು ಗಂಟೆ ನೀರಿನಲ್ಲಿರುವುದು ಸಾಮಾನ್ಯ. ಆ ನೀರು ಬೇಸಿಗೆಯಲ್ಲೂ 15ರಿಂದ 18 ಡಿಗ್ರಿ. ಅಷ್ಟು ಹೊತ್ತು ಅಷ್ಟು ಚಳಿಯಲ್ಲಿದ್ದರೆ ತೋಳಿಗಿಂತ ಮೊದಲು ಮಂಕಾಗುವುದು ತಲೆ. ಕೊನೆಯ ತಿಂಗಳ ಕೆಲಸವೆಲ್ಲ ಇದರಿಂದಲೇ ಹುಟ್ಟುತ್ತದೆ: ಅಲ್ಲಿ ನಡುನೀರಿನಲ್ಲಿ ಯೋಚಿಸಬೇಕಾಗುವ ಪ್ರತಿಯೊಂದು ವಿಷಯವನ್ನೂ ಇಲ್ಲಿ, ಬೆಚ್ಚಗಿರುವಾಗಲೇ, ತೀರ್ಮಾನಿಸಿ ಮುಗಿಸಬೇಕು. ಈಜಿನ ಬಲವೇನೂ ಕೊನೆಯ ಮೂರು ವಾರಗಳಲ್ಲಿ ಬರುವುದಿಲ್ಲ. ವಾರಕ್ಕೆ 40-50 ಕಿ.ಮೀ. ಈಜುತ್ತಿದ್ದವರು ಆ ಹೊತ್ತಿಗೆ ಅರ್ಧಕ್ಕೆ ಇಳಿಸಿರಬೇಕು. ಭಯಕ್ಕೆ ಬಿದ್ದು ಕೊನೆಯ ವಾರದಲ್ಲೂ ವೇಳಚೇರಿ ಕೊಳದಲ್ಲಿ ಐದು ಗಂಟೆ ಕಳೆಯುವವರು ಭುಜನೋವನ್ನು ಹೊತ್ತುಕೊಂಡು ವಿಮಾನ ಹತ್ತುತ್ತಾರೆ.

ಮೈಗೆ ಜಿಡ್ಡು

ಪಟ್ಟಿಯಲ್ಲಿ ಮೊದಲು ಬರುವುದು ಜಿಡ್ಡು. ನೈನಿಯಪ್ಪ ನಾಯಕನ್ ಬೀದಿಯಲ್ಲಿ ಔಷಧಿ, ಶಸ್ತ್ರಚಿಕಿತ್ಸೆ ಸಾಮಾನುಗಳ ಸಗಟು ಅಂಗಡಿಗಳಿವೆ. ಲ್ಯಾನೊಲಿನ್, ಅಂದರೆ ಕುರಿ ಉಣ್ಣೆಯಿಂದ ತೆಗೆದ ಜಿಡ್ಡು, ಮತ್ತು ಪೆಟ್ರೋಲಿಯಂ ಜೆಲ್ಲಿ, ಇವೆರಡನ್ನೂ ಸಣ್ಣ ಡಬ್ಬಿಯ ಬದಲು ಕಿಲೋ ಲೆಕ್ಕದಲ್ಲಿ ಕೇಳಿ. ಜೊತೆಗೆ ಬಳಸಿ ಎಸೆಯುವ ಕೈಗವಸಿನ ಒಂದು ಪೆಟ್ಟಿಗೆ.

ಜಿಡ್ಡು ಚಳಿ ತಡೆಯುತ್ತದೆ ಎಂದು ಹಲವರು ನಂಬಿದ್ದಾರೆ. ತಡೆಯುವುದಿಲ್ಲ. ಅದರ ಕೆಲಸ ಉಜ್ಜು ಗಾಯ ಆಗದಂತೆ ನೋಡಿಕೊಳ್ಳುವುದು. ಕಂಕುಳು, ಕುತ್ತಿಗೆಯ ಹಿಂಭಾಗ, ತೊಡೆಸಂದು, ಉಡುಪಿನ ಪಟ್ಟಿ ತಾಗುವ ಕಡೆ, ಗಂಡಸರಿಗೆ ಗಡ್ಡ ಭುಜಕ್ಕೆ ಉಜ್ಜುವ ಜಾಗ, ಇಷ್ಟಕ್ಕೆ ದಪ್ಪಗೆ ಹಚ್ಚಬೇಕು. ಉಪ್ಪುನೀರಿನಲ್ಲಿ ತೋಳು ಗಂಟೆಗೆ ಮೂರು ಸಾವಿರ ಸಲಕ್ಕೂ ಹೆಚ್ಚು ತಿರುಗುತ್ತದೆ. ಹೊಲಿಗೆಯ ಒಂದು ಎಳೆ ಸಾಕು, ಚರ್ಮ ಕಿತ್ತುಬರುತ್ತದೆ.

ಎರಡನ್ನೂ ಸಮಭಾಗ ತೆಗೆದುಕೊಂಡು ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಕರಗಿಸಿ, ಕಲಸಿ, ಇಲ್ಲೇ ತಯಾರು ಮಾಡಿಕೊಂಡು ಹೋಗುವುದು ಒಳ್ಳೆಯದು. ಡೋವರಿನ ಬೆಳಗಿನ ಜಾವದ ಚಳಿಗೆ ಬರೀ ಲ್ಯಾನೊಲಿನ್ ಫ್ರಿಜ್ಜಿನಲ್ಲಿಟ್ಟ ತುಪ್ಪದ ಹಾಗೆ ಗಟ್ಟಿಯಾಗಿ, ಬೆರಳಿಗೆ ಬರುವುದೇ ಇಲ್ಲ. ಇನ್ನೊಂದು ಮಾತು. ಜಿಡ್ಡನ್ನು ಈಜುಗಾರ ತನ್ನ ಕೈಯಿಂದ ಹಚ್ಚಿಕೊಳ್ಳಕೂಡದು. ಸಂಗಡಿಗರೊಬ್ಬರು ಕೈಗವಸು ಹಾಕಿಕೊಂಡು ಹಚ್ಚಿ, ಆ ಕೈಗವಸನ್ನು ಒಳಹೊರಗು ಮಾಡಿ ತೆಗೆದು, ಆಮೇಲೆ ಗಾಗಲ್ಸ್ ಕೊಡಬೇಕು. ಗಾಗಲ್ಸಿನ ಗಾಜಿಗೆ ಒಂದು ಬೆರಳಿನಷ್ಟು ಜಿಡ್ಡು ತಾಗಿದರೆ ಸಮುದ್ರದ ನೀರಿನಲ್ಲಿ ಎಷ್ಟು ತೊಳೆದರೂ ಹೋಗದು, ದಡದವರೆಗೂ ಮಂಜು ಮಂಜು.

ಉಡುಪಿನ ವಿಷಯದಲ್ಲಿ ಚೆನ್ನೈ ಕೊಳಗಳ ಅಭ್ಯಾಸ ತೊಂದರೆ ಕೊಡುತ್ತದೆ. ಇಲ್ಲಿ ಗಂಡಸರೂ ಹೆಂಗಸರೂ ಮೊಣಕಾಲಿನವರೆಗೆ ಬರುವ, ತೋಳಿರುವ ಉಡುಪು ಹಾಕುವುದುಂಟು. ಚಾನೆಲ್ ನಿಯಮದಲ್ಲಿ ತೋಳೂ ಇಲ್ಲ, ಕಾಲೂ ಇಲ್ಲ; ಒಂದೇ ಬಟ್ಟೆಯ ಈಜುಡುಗೆ, ಒಂದು ಟೋಪಿ, ಗಾಗಲ್ಸ್, ಬೇಕಾದರೆ ಮೂಗಿನ ಕ್ಲಿಪ್ಪು, ಕಿವಿ ಬಿರಡೆ. ಆದ್ದರಿಂದ ಅಲ್ಲಿ ಹಾಕುವ ಉಡುಪನ್ನೇ ಹಾಕಿ ಇಲ್ಲಿ ನಾಲ್ಕೈದು ಗಂಟೆ ಸಮುದ್ರದಲ್ಲಿ ಈಜಿ ನೋಡಿರಬೇಕು. ಎಲ್ಲಿ ಉಜ್ಜುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು. ಈಜುಡುಗೆ, ಗಾಗಲ್ಸ್ ಎರಡನ್ನೂ ಬಜಾರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಅದಕ್ಕೆ ಕ್ರೀಡಾ ಅಂಗಡಿಯೇ ಸರಿ. ಹಗಲಿಗೆ ಕಪ್ಪು ಗಾಜಿನದು, ರಾತ್ರಿಗೆ ಬಿಳಿ ಗಾಜಿನದು, ಎರಡಕ್ಕೂ ಒಂದೊಂದು ಬದಲಿ.

ಊಟ, ಹಗ್ಗ, ಬಾಟಲಿ

ನಿಯಮದ ಪ್ರಕಾರ ಈಜುಗಾರ ಜೊತೆಗೆ ಬರುವ ದೋಣಿಯನ್ನು ಮುಟ್ಟುವಂತಿಲ್ಲ, ದೋಣಿಯಲ್ಲಿರುವವರು ಅವನಿಗೆ ಆಸರೆ ಕೊಡುವಂತಿಲ್ಲ. ಆಹಾರವನ್ನು ಎಸೆಯಬೇಕು ಇಲ್ಲವೇ ಹಗ್ಗಕ್ಕೆ ಕಟ್ಟಿ ಇಳಿಸಬೇಕು. ಬಂದರಿಗೆ ಹತ್ತಿಕೊಂಡ ಬೀದಿಗಳಲ್ಲಿ ಎಲ್ಲ ದಪ್ಪದ ಹಗ್ಗವೂ ಸಿಗುತ್ತದೆ. ತೆಳ್ಳನೆಯ, ನೀರಿನ ಮೇಲೆ ತೇಲುವ, ಕಣ್ಣಿಗೆ ಹೊಡೆಯುವ ಬಣ್ಣದ ಹಗ್ಗ ಹತ್ತು ಮೀಟರು ಸಾಕು. ಬಾಟಲಿ ಅಗಲ ಬಾಯಿಯದಿರಲಿ. ಚಳಿಗೆ ಮರಗಟ್ಟಿದ ಬೆರಳು ಸಣ್ಣ ಮುಚ್ಚಳವನ್ನು ತಿರುಗಿಸಲಾರದು. ಮುಚ್ಚಳವನ್ನೂ ಬಾಟಲಿಗೆ ದಾರ ಹಾಕಿ ಕಟ್ಟಿ, ಇಲ್ಲವಾದರೆ ಮೊದಲ ಊಟಕ್ಕೇ ಅದು ಫ್ರಾನ್ಸಿನ ದಾರಿ ಹಿಡಿಯುತ್ತದೆ.

ಒಳಗೆ ಏನು ಅನ್ನುವುದಕ್ಕೆ ಹೆಚ್ಚಿನವರ ಉತ್ತರ ಮಾಲ್ಟೊಡೆಕ್ಸ್‌ಟ್ರಿನ್. ಬೇಗ ಅರಗುವ, ಅತಿಯಾಗಿ ಸಿಹಿಯಿಲ್ಲದ ಪಿಷ್ಟದ ಪುಡಿ. ಗಂಟೆಗೆ 60ರಿಂದ 80 ಗ್ರಾಂ ಲೆಕ್ಕದಲ್ಲಿ ಉಗುರುಬೆಚ್ಚಗಿನ ನೀರಿಗೆ ಕಲಸಿ ಅರ್ಧ ಗಂಟೆಗೊಮ್ಮೆ ಕೊಡುವುದು ರೂಢಿ. ನಮ್ಮವರು ರಾಗಿ ಅಂಬಲಿ, ಮಜ್ಜಿಗೆ ಅನ್ನ ಎಂದು ಆಸೆಪಡುವುದುಂಟು. ರಾಗಿಯ ನಾರು ಹನ್ನೆರಡು ಗಂಟೆ ಮಗುಚಿ ಬಿದ್ದಿರುವ ಹೊಟ್ಟೆಗೆ ಒಗ್ಗುವುದು ಕಷ್ಟ, ಹಾಲಿನದು ಅಲೆಯ ಹೊಯ್ದಾಟಕ್ಕೆ ವಾಂತಿಯಾಗಿ ಬರುತ್ತದೆ. ಮಾಗಿದ ಬಾಳೆಹಣ್ಣಿನ ಚೂರು ಹಲವರಿಗೆ ಹಿಡಿಸುತ್ತದೆ. ಐದಾರು ಗಂಟೆಯ ಸಮುದ್ರದ ಈಜಿನಲ್ಲಿ ಹೊಟ್ಟೆ ಒಪ್ಪಿಕೊಂಡದ್ದನ್ನು ಬಿಟ್ಟು ಬೇರೇನೂ ಪೆಟ್ಟಿಗೆಗೆ ಹೋಗಬಾರದು. ಉಪ್ಪಿಗೆ ನಾಲಗೆ ಊದಿಕೊಳ್ಳುತ್ತದೆ. ಬಾಯಿ ಮುಕ್ಕಳಿಸುವ ಮೌತ್‌ವಾಶನ್ನು ನೀರು ಬೆರೆಸಿ ಕೊಟ್ಟರೆ ಅದೇ ಅಮೃತ.

ಪ್ರತಿ ಊಟಕ್ಕೆ ಎಷ್ಟು ಹೊತ್ತು? ಒಂದು ನಿಮಿಷದೊಳಗೆ. ಲೆಕ್ಕ ಹಾಕಿ ನೋಡಿ. 14 ಗಂಟೆಯ ಈಜಿನಲ್ಲಿ ಅರ್ಧ ಗಂಟೆಗೊಂದು ಊಟವೆಂದರೆ 27 ಸಲ. ಒಂದೊಂದಕ್ಕೆ ಎರಡು ನಿಮಿಷ ಹರಟಿದರೂ ಹತ್ತಿರ ಹತ್ತಿರ ಒಂದು ಗಂಟೆ ಹೋಯಿತು. ಆ ಒಂದು ಗಂಟೆಯಲ್ಲಿ ಪ್ರವಾಹ ತಿರುಗಿ ಕ್ಯಾಪ್ ಗ್ರೀ ನೇ ಕೈತಪ್ಪಿದರೆ ಮುಂದಿನ ದಡಕ್ಕೆ ಇನ್ನೂ ಹಲವು ಗಂಟೆ. 1959ರ ಆಗಸ್ಟಿನಲ್ಲಿ ಆರತಿ ಸಾಹಾ ಅವರಿಗೆ ಇಂಥದ್ದೇ ಆಗಿತ್ತು. ಆಗಿನ ರೂಢಿಯಂತೆ ಫ್ರಾನ್ಸಿನಿಂದ ಹೊರಡಬೇಕಿತ್ತು. ದಾರಿ ತೋರುವ ಪೈಲಟ್ ದೋಣಿ ಬರಲು ತಡವಾಗಿ ಸುಮಾರು 40 ನಿಮಿಷ ಹೋಯಿತು. ಇಂಗ್ಲೆಂಡಿನ ದಡ ಐದು ಮೈಲಿ ಇದೆ ಎನ್ನುವಾಗ ಎದುರು ಪ್ರವಾಹಕ್ಕೆ ಸಿಕ್ಕಿ ಕೊನೆಗೆ ಈಜು ಬಿಡಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್ 29ರಂದು ಮತ್ತೆ ಹೊರಟು 16 ಗಂಟೆ 20 ನಿಮಿಷದಲ್ಲಿ ದಾಟಿದರು, ಇಂಗ್ಲಿಷ್ ಕಡಲ್ಗಾಲುವೆ ಈಜಿದ ಏಷ್ಯಾದ ಮೊದಲ ಮಹಿಳೆಯಾದರು.

ಊಟದ ಮಾತು ಬಂದದ್ದರಿಂದ ಇದೊಂದನ್ನು ಹೇಳಿಬಿಡುತ್ತೇನೆ. ಎಲ್ಲ ಕಡೆಯೂ ತೂಕ ಇಳಿಸಿ ಎಂದು ಹೇಳುವ ಕಾಲದಲ್ಲಿ ಚಾನೆಲ್ ಈಜುಗಾರರು ತೂಕ ಏರಿಸಿಕೊಳ್ಳಬೇಕು, ಚರ್ಮದಡಿಯ ಕೊಬ್ಬೇ ಅವರ ಕಂಬಳಿ. ಕಡಂದಲೆ ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಕಟ್ಟುವ ಮೊದಲು ಹೋಟೆಲು ನಡೆಸಿದ್ದು ಇದೇ ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯಲ್ಲಿ. ಆ ಕಡೆ ಹೋದಾಗ ತುಪ್ಪದ ದೋಸೆಗೆ ಹಿಂಜರಿಯಬೇಕಾಗಿಲ್ಲ.

ಬೆಳಕು ಮತ್ತು ಐಸು

ರಾತ್ರಿ ಈಜಿಗೆ ಟೋಪಿಯ ಹಿಂದೊಂದು, ಸೊಂಟದ ಹಿಂದೊಂದು ಸಣ್ಣ ದೀಪ ಬೇಕು. ಡೋವರ್ ಜಲಸಂಧಿಯಲ್ಲಿ ದಿನಕ್ಕೆ ನಾನೂರಕ್ಕೂ ಹೆಚ್ಚು ಹಡಗುಗಳು ಓಡಾಡುತ್ತವೆ. ಕತ್ತಲಲ್ಲಿ ದೋಣಿಯವರಿಗೆ ನಿಮ್ಮ ತಲೆ ಕಾಣದಿದ್ದರೆ ಈಜನ್ನೇ ನಿಲ್ಲಿಸುತ್ತಾರೆ. ಬರ್ಮಾದಿಂದ ಬಂದ ನಿರಾಶ್ರಿತರಿಗಾಗಿ 1969ರಲ್ಲಿ ಎದ್ದ ಬರ್ಮಾ ಬಜಾರ್ ರಾಜಾಜಿ ಸಾಲೈಯ ಬದಿಯಲ್ಲೇ ಇದೆ, ದೀಪ, ಸೆಲ್ಲು, ತಲೆಗೆ ಕಟ್ಟುವ ಟಾರ್ಚು ಎಲ್ಲ ಅಲ್ಲಿ ರಾಶಿ ಬಿದ್ದಿರುತ್ತವೆ. ವಾಟರ್‌ಪ್ರೂಫ್ ಎಂದು ಅಂಗಡಿಯವರು ಆಣೆ ಮಾಡಿದರೂ ಮನೆಗೆ ಬಂದು ಉಪ್ಪುನೀರಿನ ಬಕೆಟಿನಲ್ಲಿ ಒಂದು ರಾತ್ರಿ ಉರಿಯಲು ಬಿಡಿ. ಬೆಳಿಗ್ಗೆ ಉರಿಯುತ್ತಿದ್ದದ್ದನ್ನು ಮಾತ್ರ ಕಟ್ಟಿಕೊಳ್ಳಿ. ಬಿಡಿ ಲಿಥಿಯಂ ಸೆಲ್ಲು, ಪವರ್ ಬ್ಯಾಂಕು ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಜಿಡ್ಡಿನ ಡಬ್ಬಿ ಮಾತ್ರ ಒಳಗೆ ಹಾಕುವ ಪೆಟ್ಟಿಗೆಗೆ. ನೂರು ಮಿಲಿಲೀಟರಿನ ನಿಯಮ ಜಿಡ್ಡಿಗೂ ಅನ್ವಯಿಸುತ್ತದೆ.

ಇನ್ನು ತಣ್ಣೀರಿನ ಮಾತು. ಚೆನ್ನೈ ಸಮುದ್ರದ ನೀರು 28 ಡಿಗ್ರಿಯ ಆಸುಪಾಸು, ಕೊಳಗಳದೂ ಅಷ್ಟೇ. ಪ್ಯಾರೀಸ್‌ನಿಂದ ಉತ್ತರಕ್ಕೆ ಕಾಸಿಮೇಡು ಮೀನುಗಾರಿಕಾ ಬಂದರಿನ ಕಡೆ ದೋಣಿಗಳಿಗೆ ಐಸ್ ಬಾರ್ ಮಾರುತ್ತಾರೆ. ಕೂರುವಷ್ಟು ಅಗಲದ ಪ್ಲಾಸ್ಟಿಕ್ ತೊಟ್ಟಿಯಲ್ಲಿ 150 ಲೀಟರ್ ನೀರು ತುಂಬಿ, ಅದನ್ನು 30 ಡಿಗ್ರಿಯಿಂದ 15ಕ್ಕೆ ಇಳಿಸಲು 25 ಕಿಲೋ ಐಸ್ ಬೇಕಾಗುತ್ತದೆ. ಮೀನಿನ ಐಸು ಕುಡಿಯುವ ನೀರಿನದಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮುಳುಗಿಸಿ. ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ಮು ಅಗ್ಗಕ್ಕೆ ಸಿಕ್ಕಿದರೂ ಬೇಡ. ಮೊದಲ ದಿನ ಎರಡು ಮೂರು ನಿಮಿಷ, ಪಕ್ಕದಲ್ಲಿ ಒಬ್ಬರು ಇದ್ದೇ ಇರಬೇಕು. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಈ ಸಾಹಸಕ್ಕೆ ಇಳಿಯಬಾರದು.

ಇದರಿಂದ ಸಿಗುವ ಲಾಭ ಇಷ್ಟೇ: ತಣ್ಣೀರಿಗೆ ಬಿದ್ದ ಕೂಡಲೇ ಉಸಿರು ಸಿಕ್ಕಿಕೊಂಡು ಏದುಸಿರು ಬರುವುದು ಐದಾರು ಸಲದ ಮುಳುಗಿನಲ್ಲೇ ಗಣನೀಯವಾಗಿ ತಗ್ಗುತ್ತದೆ. ಗಂಟೆಗಟ್ಟಲೆ ಚಳಿಯಲ್ಲಿ ಈಜುವ ತಾಕತ್ತು ತೊಟ್ಟಿಯಿಂದ ಬರುವುದಿಲ್ಲ. 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಆರು ಗಂಟೆ ಈಜಿದ ಪ್ರಮಾಣಪತ್ರ ಇಲ್ಲದೆ ಚಾನೆಲ್‌ಗೆ ಅನುಮತಿ ಇಲ್ಲ, ಮತ್ತು ಆ ಆರು ಗಂಟೆಯನ್ನು ಚೆನ್ನೈನಲ್ಲಿ ಈಜಲು ಸಾಧ್ಯವೇ ಇಲ್ಲ. ಮುಂಬೈಯ ಧರಮ್‌ತರ್‌ನಿಂದ ಗೇಟ್‌ವೇವರೆಗಿನ ಸುಮಾರು 36 ಕಿ.ಮೀ. ಈಜು ದೂರಕ್ಕೆ ಒಳ್ಳೆಯ ಪರೀಕ್ಷೆ, ಚಳಿಗೆ ಅಲ್ಲ. ಹಣ ಹೇಗಾದರೂ ಹೊಂದಿಸಿ ಸರದಿಗೆ ಮೂರು ನಾಲ್ಕು ವಾರ ಮೊದಲೇ ಇಂಗ್ಲೆಂಡ್ ಸೇರಿ ಡೋವರ್ ಬಂದರಿನ ಒಳನೀರಿನಲ್ಲಿ ದಿನಾ ಈಜುವುದಕ್ಕೆ ಬದಲಿ ಇಲ್ಲ. ಬೇರೆ ಯಾವುದರಲ್ಲಿ ಬೇಕಾದರೂ ಉಳಿಸಿ, ಇದರಲ್ಲಿ ಬೇಡ.

ಅಷ್ಟಮಿಯ ಕಾಯುವಿಕೆ

ಮಲ್ಪೆ, ಗಂಗೊಳ್ಳಿಯ ಕಡೆಯವರಿಗೆ ಹೇಳಬೇಕಿಲ್ಲ: ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭರತ ಇಳಿತ ಜೋರು, ಅಷ್ಟಮಿಯ ನಂತರದ ಒಂದೆರಡು ದಿನ ಮೆದು. ಚಾನೆಲ್ಲಿನ ಪೈಲಟ್‌ಗಳು ಹೆಚ್ಚಾಗಿ ಮೆದು ಭರತದ ವಾರಗಳನ್ನೇ ಈಜಿಗೆ ಕೊಡುತ್ತಾರೆ. ಜೂನ್ ಕೊನೆಯಿಂದ ಅಕ್ಟೋಬರ್ ಮೊದಲಿನವರೆಗಿನ ಇಂಥ ವಾರಗಳು ಎರಡು ಮೂರು ವರ್ಷ ಮೊದಲೇ ಭರ್ತಿಯಾಗುತ್ತವೆ. ದೋಣಿಯ ಬಾಡಿಗೆಯೇ ಮೂರು ಸಾವಿರ ಪೌಂಡ್ ದಾಟುತ್ತದೆ. ಒಂದು ವಾರದಲ್ಲಿ ಮೂರು ನಾಲ್ಕು ಈಜುಗಾರರಿಗೆ ಸರದಿ. ಗಾಳಿ ಎದ್ದರೆ ಮೊದಲನೆಯವರೂ ಕಾಯಬೇಕು, ನಾಲ್ಕನೆಯವರಿಗೆ ನೀರೇ ಸಿಗದೆ ಹೋಗಬಹುದು. ಪೈಲಟ್ ಸಂಜೆ ಫೋನ್ ಮಾಡಿ ರಾತ್ರಿ ಎರಡಕ್ಕೆ ಬನ್ನಿ ಎಂದರೆ ಎರಡಕ್ಕೆ ಅಲ್ಲಿರಬೇಕು.

ಆದ್ದರಿಂದ ವಾಪಸು ಟಿಕೆಟನ್ನು ಸರದಿಯ ಕೊನೆಯ ದಿನಕ್ಕೆ ಕಟ್ಟಿಹಾಕಬೇಡಿ, ದಿನ ಬದಲಿಸಲು ಬರುವಂಥದ್ದನ್ನೇ ಕೊಳ್ಳಿ. ಬ್ರಿಟನ್ನಿನ ಪ್ರವಾಸಿ ವೀಸಾಗೆ ಹೊರಡುವ ಮೂರು ತಿಂಗಳೊಳಗೆ ಮಾತ್ರ ಅರ್ಜಿ ಹಾಕಲು ಬರುತ್ತದೆ, ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಅರ್ಜಿಯ ಜೊತೆ ಚಾನೆಲ್ ಸಂಸ್ಥೆಯ ನೋಂದಣಿ ಪತ್ರ, ಪೈಲಟ್ ದೋಣಿಯ ಬುಕಿಂಗ್ ಇಡಿ. ಈಜಿನ ದಿನ ಎಲ್ಲರ ಪಾಸ್‌ಪೋರ್ಟೂ ದೋಣಿಯಲ್ಲಿರಲಿ, ಮುಟ್ಟುವುದು ಬೇರೆ ದೇಶದ ದಡ. ಪ್ರವಾಸ ವಿಮೆ ಕೊಳ್ಳುವಾಗ ಸಾಹಸ ಕ್ರೀಡೆಗಳಿಗೆ ಅನ್ವಯಿಸುವುದಿಲ್ಲ ಎಂಬ ಸಾಲು ಎಲ್ಲಿ ಅಡಗಿದೆ ಎಂದು ಹುಡುಕಿ ಓದಿ.

ದೋಣಿಯಲ್ಲಿ ಯಾರಿರಬೇಕು? ಪೈಲಟ್ಟೂ ಸಂಸ್ಥೆಯ ವೀಕ್ಷಕರೂ ಇರುತ್ತಾರೆ, ನಿಮ್ಮ ಕಡೆಯಿಂದ ಇಬ್ಬರು ಮೂವರು. ಅವರಲ್ಲಿ ಒಬ್ಬರಾದರೂ ನಿಮ್ಮ ಮನೆಮಾತು ಬಲ್ಲವರಾಗಿರಲಿ. ಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಲೆಕ್ಕ ತಪ್ಪುತ್ತದೆ. ಇಂಗ್ಲಿಷಿನಲ್ಲಿ ತೊದಲಿದರೆ ಭಾಷೆಯ ತೊಡಕೋ ಚಳಿಯದೋ ಎಂದು ಪೈಲಟ್‌ಗೆ ತಿಳಿಯುವುದಿಲ್ಲ. ಕನ್ನಡದವರಿದ್ದರೆ ಊಟ ಕೊಡುವಾಗ "ಪುಟ್ಟಾ, ಮನೆ ಫೋನ್ ನಂಬರ್ ಹೇಳು" ಎಂದು ಕೇಳಿದರೆ ಸಾಕು, ಉತ್ತರದಲ್ಲೇ ಸ್ಥಿತಿ ಗೊತ್ತಾಗುತ್ತದೆ. ತೋಳಿನ ಎಣಿಕೆಯನ್ನೂ ಅರ್ಧ ಗಂಟೆಗೊಮ್ಮೆ ಬರೆದಿಡಬೇಕು. ನಿಮಿಷಕ್ಕೆ 62 ಇದ್ದದ್ದು 52ಕ್ಕೆ ಇಳಿದರೆ, ಬೆರಳುಗಳು ಸೇರದೆ ಅಗಲಿ ನಿಂತರೆ, ಅದು ಎಚ್ಚರಿಕೆ. ಕೆಮ್ಮು, ಉಸಿರು ಕಟ್ಟುವುದು, ನಸುಗೆಂಪು ನೊರೆ ಕಂಡರೆ ಶ್ವಾಸಕೋಶಕ್ಕೆ ನೀರು ಸೇರುತ್ತಿದೆ ಎಂದರ್ಥ, ಚರ್ಚೆಯಿಲ್ಲದೆ ಮೇಲೆತ್ತಬೇಕು. ಎತ್ತುವ ತೀರ್ಮಾನ ಯಾರದು ಎಂದು ಚೆನ್ನೈನಲ್ಲೇ ಬರೆದು ಸಹಿ ಹಾಕಿಡಿ. ಈಜುಗಾರನಂತೂ ಆ ಹೊತ್ತಿಗೆ "ಇನ್ನೊಂದು ಗಂಟೆ ಅಣ್ಣಾ, ನಂಗೇನೂ ಆಗಿಲ್ಲ" ಅಂತಲೇ ಅನ್ನುವುದು.

"ಇನ್ನೆಷ್ಟು ದೂರ?" ಅನ್ನುವ ಪ್ರಶ್ನೆಗೆ ಉತ್ತರ ಕೊಡಬಾರದು, ಇದನ್ನೂ ಮೊದಲೇ ಮಾತಾಡಿಕೊಂಡಿರಿ. ಮುಗಿದ ಮೇಲೂ ಬಿಸಿನೀರಿನ ಸ್ನಾನ ಬೇಡ. ನೀರಿನಿಂದ ಬಂದ ಅರ್ಧ ಗಂಟೆಯವರೆಗೂ ಒಳಮೈ ಇನ್ನಷ್ಟು ತಣ್ಣಗಾಗುತ್ತಾ ಹೋಗುತ್ತದೆ. ಒದ್ದೆ ಬಟ್ಟೆ ಕಳಚಿ, ಒರೆಸಿ, ಪದರ ಪದರವಾಗಿ ಉಡಿಸಿ, ಮಂಕಿ ಟೋಪಿ ಹಾಕಿ ಕೂರಿಸಬೇಕು. ಜುಲೈ ತಿಂಗಳ ಚೆನ್ನೈನಲ್ಲಿ ಮಂಕಿ ಟೋಪಿ ಕೇಳಿದರೆ ಅಂಗಡಿಯವರು ಒಂದು ಸಲ ಮುಖ ನೋಡುತ್ತಾರೆ, ಆಮೇಲೆ ಅಟ್ಟದಿಂದ ತೆಗೆದುಕೊಡುತ್ತಾರೆ.

ಇಷ್ಟೆಲ್ಲ ದೂರ, ಇಷ್ಟು ಚಳಿ ಬೇಡವೆನ್ನುವವರಿಗೆ ಹತ್ತಿರದ ಪರದೇಶವೂ ಇದೆ. ಶ್ರೀಲಂಕಾದ ತಲೈಮನ್ನಾರ್‌ನಿಂದ ಧನುಷ್ಕೋಡಿಯ ಅರಿಚಲ್‌ಮುನೈಗೆ ಪಾಕ್ ಜಲಸಂಧಿಯಲ್ಲಿ 29 ಕಿ.ಮೀ.ಯಷ್ಟು. ನೀರು ಬೆಚ್ಚಗೆ, ಮಾರ್ಚ್ ಏಪ್ರಿಲ್‌ನಲ್ಲಿ ಸಮುದ್ರ ಶಾಂತ. 2022ರ ಮಾರ್ಚಿನಲ್ಲಿ ಜಿಯಾ ರಾಯ್ ಎಂಬ 13 ವರ್ಷದ, ಆಟಿಸಂ ಇರುವ ಹುಡುಗಿ ಇದನ್ನು 13 ಗಂಟೆ 10 ನಿಮಿಷದಲ್ಲಿ ದಾಟಿದಳು. ಇಲ್ಲಿನ ತೊಡಕು ಅಂಬಲಿ ಮೀನಿನ ಕುಟುಕು ಮತ್ತು ಕಾಗದಪತ್ರ. ಕಡಲ ಗಡಿ ದಾಟುವ ಈಜಾದ್ದರಿಂದ ವಿದೇಶಾಂಗ, ರಕ್ಷಣಾ ಇಲಾಖೆಗಳಿಂದ ಹಿಡಿದು ಕರಾವಳಿ ಕಾವಲು ಪಡೆ, ಎರಡೂ ದೇಶಗಳ ನೌಕಾಪಡೆಯವರೆಗೆ ಒಪ್ಪಿಗೆ ಬೇಕು. ಈಜಿನ ತಯಾರಿಗೆ ಆರು ತಿಂಗಳು ಇಟ್ಟುಕೊಂಡರೆ ಕಾಗದಕ್ಕೂ ಅಷ್ಟೇ ಇಟ್ಟುಕೊಳ್ಳಿ.

ಪ್ಯಾರೀಸ್‌ನ ಈ ಸಂತೆಗೆ ಕಾರು ತೆಗೆದುಕೊಂಡು ಹೋಗಬೇಡಿ. ಮೆಟ್ರೊದಲ್ಲಿ ಹೈಕೋರ್ಟ್ ಅಥವಾ ಮಣ್ಣಡಿ ನಿಲ್ದಾಣದಲ್ಲಿ ಇಳಿದು ನಡೆಯಿರಿ, ಬಿಸಿಲೇರುವ ಮೊದಲು ಮುಗಿಸಿ. ಭಾನುವಾರ ಸಗಟು ಅಂಗಡಿಗಳು ಹೆಚ್ಚಿನವು ಬಾಗಿಲು ಹಾಕಿರುತ್ತವೆ.